ಎಂಬತ್ತೆಂಟು ಅಂಕದ ನಿದ್ದೆ

ಉಸಿರು ಒಳಗೆಳೆದು ನಾಲ್ಕು ಎಣಿಸುವಷ್ಟರಲ್ಲಿ ಗೋಡೆಯಾಚೆ ಪ್ರೆಸ್ ಮಶೀನು ಧಡ್ ಎಂದಿತು. ಹಾಶಿಮನ ಎಣಿಕೆ ತಪ್ಪಿತು. ಮೊಬೈಲಿನ ನಿದ್ದೆ ಬರಿಸುವ ಆ್ಯಪಿನೊಳಗಿನ ಹೆಂಗಸು ಮಾತ್ರ, ನೀವೀಗ ಶಾಂತವಾದ ಕಡಲತೀರದಲ್ಲಿದ್ದೀರಿ ಎಂದು ಮೆಲ್ಲನೆ ಹೇಳುತ್ತಲೇ ಇದ್ದಳು. ಪುಣ್ಯಾತ್ಗಿತ್ತಿ, ಈ ಜೋಗೇಶ್ವರಿಯ ಗಲ್ಲಿಗೆ ಒಮ್ಮೆಯೂ ಬಂದವಳಲ್ಲ.

ಬೆಳಗಿನ ಹತ್ತು ಗಂಟೆ. ರಾತ್ರಿಯಿಡೀ ಕಂಪನಿಯ ಬಸ್ಸು ಓಡಿಸುವವನು ಹಗಲು ಮಲಗಬೇಕು. ಮಲಗಿದ್ದಕ್ಕೆ ಕಂಪನಿ ಕೊಟ್ಟ ಮಣಿಕಟ್ಟಿನ ಪಟ್ಟಿ ಸಾಕ್ಷಿ ಹೇಳಬೇಕು. ನಿದ್ದೆಯ ಅಂಕ ಎಪ್ಪತ್ತಕ್ಕಿಂತ ಕೆಳಗಿಳಿದರೆ ಅಂದು ಸ್ಟೇರಿಂಗ್ ಇಲ್ಲ. ಮೂರು ಸಲ ಇಳಿದರೆ ನೌಕರಿಯೇ ಇಲ್ಲ. ಹಾಶಿಮನದು ಎರಡು ಸಲ ಇಳಿದಿತ್ತು.

ಹೆಂಡತಿ ರೋಷನಬಿ ನಸುಕಿನಲ್ಲೇ ನಾಲ್ಕು ಮನೆಗಳ ಕೆಲಸ ಮುಗಿಸಿ ಬಂದು ಮಧ್ಯಾಹ್ನದವರೆಗೆ ಸತ್ತಂತೆ ಮಲಗುವವಳು. ಹತ್ತು ದಿನದಿಂದ ಹಾಶಿಮ ತನ್ನ ಪಟ್ಟಿಯನ್ನು ಅವಳ ಕೈಗೆ ಕಟ್ಟುತ್ತಿದ್ದ. ಅಂಕ ಎಂಬತ್ತೆಂಟಕ್ಕೇರಿತು. "ಮಸ್ತ್ ನಿದ್ದಿ ಹೊಡಿಯಾಕತ್ತಿ ನೋಡು ಹಾಶಿಮಭಾಯಿ!" ಎಂದು ಸೂಪರ್‌ವೈಜರ್ ಖಂಡಪ್ಪ ಬೆನ್ನು ತಟ್ಟಿ ಇನ್ನೊಂದು ಟ್ರಿಪ್ಪನ್ನೂ ಹೊರಿಸಿದ.

ನಿನ್ನೆ ಫ್ಲೈಓವರಿನ ಮೇಲೆ ಹಾಶಿಮನ ಕಣ್ಣು ಮುಚ್ಚಿತ್ತು. ತೆರೆದಾಗ ಪಕ್ಕದ ಗೋಡೆ ಒಂದು ಗೇಣಿನಷ್ಟು ದೂರ. ಹಿಂದೆ ಮೂವತ್ತು ಜನ ನೆಮ್ಮದಿಯಿಂದ ಗೊರಕೆ ಹೊಡೆಯುತ್ತಿದ್ದರು. ಮನೆಯಲ್ಲಿ ಅವನು ಅದನ್ನು ಹೇಳಿರಲಿಲ್ಲ.

ಮೊಬೈಲು ಆರಿಸಿ ಮಗ್ಗುಲು ತಿರುಗಿದ. ರೋಷನಬಿಯ ಕಣ್ಣುಗಳು ತೆರೆದಿದ್ದವು.

"ಮಲಗಿಲ್ಲೇನ?"

"ಕೈ ಮುಟ್ಟಬ್ಯಾಡ್ರಿ, ಪಟ್ಟಿ ಅಲುಗತೈತಿ," ಅವಳ ತುಟಿಗಳು ಮಾತ್ರ ಆಡಿದವು.

"ಯಾವಾಗಿಂದ ಹಿಂಗ?"

"ನೀವು ಇದನ್ನ ಕಟ್ಟಿದ ದಿನದಿಂದ. ಕಣ್ಣ ಮುಚ್ಚಿದ್ರ ನಿಮ್ಮ ಬಸ್ಸಽ ಕಾಣತೈತಿ. ಎಲ್ಲಿ ಹೋಗಿ ಬಡೀತೀರೋ ಅಂತ ಜೀವ ಹೊಡ್ಕೋತೈತಿ."

"ಮತ್ತ ಎಂಬತ್ತೆಂಟು ಹ್ಯಾಂಗ ಬಂತು?"

"ಅಲುಗದಽ ಬಿದ್ಕೊಂಡ್ರ ಅದಕ್ಕ ತಿಳ್ಯಾಂಗಿಲ್ರೀ. ನೀರು ಕುಡ್ಯಾಕೂ ಏಳಂಗಿಲ್ಲ ನಾ."

ಹಾಶಿಮನಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು. ಪಟ್ಟಿ ಬಿಚ್ಚಿ ಎಸೆಯಬೇಕೆಂದು ಎದ್ದು ಕೂತ. ಬಿಚ್ಚಿದರೆ ಸಂಜೆ ಖಂಡಪ್ಪನಿಗೆ ಏನು ತೋರಿಸುವುದು? ಮೂರನೆಯ ಸಲ. ಗೋಡೆಯಾಚೆ ಮಶೀನು ಬಡಿಯುತ್ತಲೇ ಇತ್ತು.

ಎಲ್ಲಿಂದಲೋ ಒಂದು ನೊಣ ಬಂದು ಅವಳ ಮಣಿಕಟ್ಟಿನ ಮೇಲೆ ಕೂತಿತು. ಪಟ್ಟಿಯ ಅಂಚಿನಲ್ಲಿ ಮಿನುಗುತ್ತಿದ್ದ ಹಸಿರು ಬೆಳಕಿನ ಸುತ್ತ ನಡೆದಾಡಿ ಬೆರಳಿಗಿಳಿಯಿತು. ರೋಷನಬಿ ಬೆರಳು ಆಡಿಸಲಿಲ್ಲ.

ಹಾಶಿಮ ಕೈ ಚಾಚಿ, ಅವಳಿಗೆ ತಾಗದಂತೆ, ನೊಣವನ್ನು ಓಡಿಸಿದ. ಆಮೇಲೆ ಚಾಪೆ ಸದ್ದಾಗದಂತೆ ಅವಳ ಪಕ್ಕದಲ್ಲೇ ಒರಗಿದ.