ಒತ್ತಲು ಅಂಜುವ ಬೆರಳು

"ನಿನ್ನ ಹಾಡು-ಸಿನಿಮಾ ಕಸಾನೆಲ್ಲ ಕಂಪ್ಯೂಟರ್ ಹೊಟ್ಟೆಗೆ ತುರುಕಿದ್ರೆ ಅದು ಇನ್ನೇನು ಕುದುರೆ ಥರ ಓಡತ್ತಾ?"

"ನನ್ನ ಕಸ ಹೋದ ತಿಂಗಳೂ ಇತ್ತಲ್ಲ ಭಾವ. ಆಗ ಓಡ್ತಾ ಇತ್ತು. ನೀವು ಕೈ ಹಾಕಿದ್ಮೇಲೆ ಕುಂಟ್ತಾ ಇರೋದು."

"ಅಂದ್ರೆ ನಾನು ಕೆಡಿಸ್ದೆ ಅಂತೀಯಾ?"

"ನಾನೆಲ್ಲಿ ಅಂದೆ? ಅದೇ ಹೇಳ್ತಾ ಇದೆ, ನೋಡಿ."

ಪರದೆಯ ಮೇಲೆ ಯಾರದೋ ಕೆಳದವಡೆ ಅರ್ಧ ತಿರುಗಿ ನಿಂತುಬಿಟ್ಟಿತ್ತು.

ಅದು ಹಲ್ಲು ತಯಾರಾಗುವ ಕೋಣೆ. ಡಾಕ್ಟರುಗಳು ರೋಗಿಯ ಬಾಯೊಳಗಿನ ಚಿತ್ರ ಕಳಿಸುತ್ತಾರೆ. ಇಲ್ಲಿ ಅದನ್ನು ಕಂಪ್ಯೂಟರಿನಲ್ಲಿ ಅತ್ತಿತ್ತ ತಿರುಗಿಸಿ, ಮುರಿದ ಹಲ್ಲಿಗೊಂದು ಟೊಪ್ಪಿಗೆ ರೂಪಿಸಿ, ಮೂಲೆಯ ಯಂತ್ರದಲ್ಲಿ ಕೊರೆದು, ಕೈಯಿಂದ ತಿದ್ದಿ ಕಳಿಸುತ್ತಾರೆ. ಕೆಲಸಕ್ಕಿರುವವರು ಇಬ್ಬರೇ. ಒಬ್ಬ ಕೋಣೆಯ ಯಜಮಾನ, ಐವತ್ತೆರಡರ ಆಸಾಮಿ. ಡಾಕ್ಟರುಗಳು ಬೆನ್ನ ಹಿಂದೆ ಅವನನ್ನು ಸಿಡುಕಪ್ಪ ಎನ್ನುತ್ತಿದ್ದರು. ಇನ್ನೊಬ್ಬ ಅವನ ಹೆಂಡತಿಯ ತಮ್ಮ. ಹೆಂಡತಿ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಮಕ್ಕಳಿರಲಿಲ್ಲ. ಬೆಳಗಿನಿಂದ ಸಂಜೆಯವರೆಗೆ ಸಿಡುಕಪ್ಪನ ಕಿವಿಗೆ ಬೀಳುತ್ತಿದ್ದ ಮನುಷ್ಯರ ದನಿಯೆಂದರೆ ಈ ಭಾವಮೈದನದೊಂದೇ. ಮನೆಗೆ ಹೋದರೆ ಫ್ರಿಜ್ಜಿನ ಗುಂಯ್‌ಗುಡುವಿಕೆ.

ಕಂಪ್ಯೂಟರಿಗೆ, ಪರದೆಯ ಚಿತ್ರ ಸರಾಗವಾಗಿ ತಿರುಗಲೆಂದು, ಹೊಸ ಗ್ರಾಫಿಕ್ಸ್ ಕಾರ್ಡ್ ಹಾಕಿ ಮೂರು ದಿನವಾಗಿತ್ತು. ಹಳೆಯದರಲ್ಲಿ ದವಡೆ ತಡೆತಡೆದು ತಿರುಗುತ್ತಿತ್ತು; ಅದನ್ನೇ ನೋಡಿ ನೋಡಿ ಭಾವಮೈದ ಸಂಜೆಯಾಗುತ್ತಲೇ ಹಣೆ ಒತ್ತಿಕೊಳ್ಳುತ್ತಿದ್ದ. ಸಿಡುಕಪ್ಪ ಒಂದು ತಿಂಗಳು ಅದನ್ನು ನೋಡಿದ. ಆಮೇಲೆ ಒಂದು ರಜೆಯ ದಿನ ಒಬ್ಬನೇ ಕೂತು ಹೊಸ ಕಾರ್ಡ್ ಕೂಡಿಸಿದ. ನಿನಗೋಸ್ಕರ ತಂದೆ ಎಂಬ ಎರಡು ಮಾತು ಬಾಯಿಗೆ ಬರಲಿಲ್ಲ. "ಇನ್ಮೇಲೆ ತಲೆನೋವು ಅಂತ ನೆಪ ಹೇಳೋ ಹಾಗಿಲ್ಲ" ಎಂದದ್ದು ಮಾತ್ರ ಬಂತು.

ಆ ಕಾರ್ಡು ಬಂದಮೇಲೆ ಕಂಪ್ಯೂಟರ್ ಹಳೆಯದಕ್ಕಿಂತ ಕಡೆಯಾಯಿತು. ಮೇಲಿನ ದವಡೆ, ಕೆಳಗಿನ ದವಡೆ ಎರಡನ್ನೂ ಒಟ್ಟಿಗೆ ತೆರೆದರೆ ಮೌಸಿನ ಬಾಣವೂ ಅಲ್ಲಾಡುತ್ತಿರಲಿಲ್ಲ.

"ನಿಮ್ಮಕ್ಕ ಇದ್ಲು ಅಂತ ಇಟ್ಕೊಂಡೆ ನಿನ್ನ" ಎಂದುಬಿಟ್ಟ ಸಿಡುಕಪ್ಪ. "ಇಲ್ದಿದ್ರೆ ಯಾವ ಕೆಲಸಕ್ಕೆ ಬರ್ತಿದ್ದೆ ನೀನು?"

ಭಾವಮೈದ ಕೈಯಲ್ಲಿದ್ದ, ಹಲ್ಲಿಗೆ ಬಣ್ಣ ಹಚ್ಚುವ ಕುಂಚ ಕೆಳಗಿಟ್ಟ. ದನಿ ಏರಿಸಲಿಲ್ಲ.

"ನಾನಿದ್ದಿದ್ದೂ ಅವಳಿಗೋಸ್ಕರಾನೇ. ಹೋಗೋ ಮುಂಚೆ ನನ್ನ ಕೈ ಹಿಡ್ಕೊಂಡು, ಅವರನ್ನ ಒಬ್ಬರನ್ನೇ ಬಿಡಬೇಡ ಕಣೋ ಅಂದಿದ್ಲು. ಬೇರೆ ಕಡೆಯಿಂದ ಎರಡು ಸಲ ಕರೆ ಬಂತು, ಒಲ್ಲೆ ಅಂದೆ. ಇವತ್ತು ಹೂಂ ಅಂತೀನಿ."

"ಹೋಗು. ಯಾರು ಕಟ್ಟಿಹಾಕಿದಾರೆ?"

"ಇದನ್ನ ಸರಿಮಾಡಿ ಹೋಗ್ತೀನಿ. ನಾಳೆ ಆ ಅಜ್ಜಿ ಹಲ್ಲು ಹೋಗ್ಬೇಕು. ಹದಿನೈದು ದಿನದಿಂದ ಒಂದೇ ಕಡೆ ಅಗೀತಾ ಇದೆ ಪಾಪ."

ಹೀಗೆ ಮಧ್ಯಾಹ್ನ ಶುರುವಾಯಿತು. ಭಾವಮೈದ ಮೊದಲು ಪರದೆಯ ತಂತಿ ನೋಡಿದ. ಹೊಸ ಕಾರ್ಡಿಗೇ ಸಿಕ್ಕಿಸಿತ್ತು. ಕಾರ್ಡಿಗೆ ಕರೆಂಟು ಕೊಡುವ ತಂತಿಯೂ ಬಿಗಿಯಾಗಿತ್ತು. ಕಾರ್ಡನ್ನು ನಡೆಸುವ ಡ್ರೈವರ್ ತಂತ್ರಾಂಶ ಅಳಿಸಿ ಮತ್ತೆ ಹಾಕಿದ. ಕಂಪ್ಯೂಟರ್ ತೆವಳುತ್ತಲೇ ಇತ್ತು. ಪ್ರತಿಸಲ ಅವನು "ಊಹೂಂ" ಎಂದಾಗಲೂ ಸಿಡುಕಪ್ಪ ಹಲ್ಲು ಕಡಿದ. ಒಳಗೊಳಗೇ ಮಾತ್ರ ಏನೋ ಹಗುರವಾಗುತ್ತಿತ್ತು. ಯಂತ್ರ ಕುಂಟುವಷ್ಟು ಹೊತ್ತು ಇವನು ಇಲ್ಲಿರುತ್ತಾನೆ. ಐವತ್ತೆರಡರ ಗಂಡಸು ತನ್ನದೇ ಕಂಪ್ಯೂಟರ್ ರಿಪೇರಿಯಾಗದಿರಲಿ ಎಂದು ಹಾರೈಸುವುದೆಂದರೆ! ತನ್ನ ಮೇಲೆ ತನಗೇ ಉರಿದುಹೋಯಿತು. ಆ ಉರಿಯಲ್ಲಿ ಒಂದು ಲೋಟ ಟೀ ತಂದು ಮೇಜಿನ ಮೇಲೆ ಕುಕ್ಕಿದ.

"ಕುಡಿ. ಆಮೇಲೆ ಟೀನೂ ಕೊಡ್ಲಿಲ್ಲ ಅಂತ ಊರೆಲ್ಲ ಸಾರಬೇಡ."

ನಾಲ್ಕು ಗಂಟೆಗೆ ಭಾವಮೈದ ಹೊಸ ಕಾರ್ಡ್ ಕಿತ್ತು ಹಳೆಯದನ್ನೇ ಹಾಕಿ ನೋಡಿದ. ಆಗಲೂ ಅದೇ ನಡಿಗೆ.

"ಹಳೇದು ಹಾಕಿದ್ರೂ ನಿಧಾನ ಅಂದ್ರೆ ತಪ್ಪು ಕಾರ್ಡಿಂದಲ್ಲ" ಎಂದ. "ಅವತ್ತು ಬೇರೆ ಏನಾದ್ರೂ ಬಿಚ್ಚಿದ್ರಾ ಭಾವ?"

ಆಗ ಸಿಡುಕಪ್ಪನಿಗೆ ನೆನಪಾಯಿತು. ಕಾರ್ಡ್ ಉದ್ದವಾಗಿತ್ತು, ಬೆರಳು ಹೋಗಲು ಜಾಗವಿರಲಿಲ್ಲ. ಅಡ್ಡವಿದ್ದ ಎರಡು ಮೆಮೊರಿ ಪಟ್ಟಿಗಳನ್ನು ತೆಗೆದಿಟ್ಟು ಆಮೇಲೆ ಸಿಕ್ಕಿಸಿದ್ದ. ಹೇಳಿದರೆ ಐದು ನಿಮಿಷದ ಕೆಲಸ. ಐದೇ ನಿಮಿಷ.

"ಏನೂ ಬಿಚ್ಚಿಲ್ಲ" ಎಂದ ಸಿಡುಕಪ್ಪ.

ಭಾವಮೈದ ಹೊಸ ಕಾರ್ಡನ್ನು ತಿರುಗಿ ಹಾಕಿ, ಪರದೆಯಲ್ಲಿ ಏನೇನೋ ಒತ್ತಿ ನೋಡುತ್ತ ಹೋದ. ಬೀದಿದೀಪ ಹತ್ತುವ ಹೊತ್ತಿಗೆ ಅವನ ಕೈ ನಿಂತಿತು.

"ಮೆಮೊರಿ ಅರ್ಧ ತೋರಿಸ್ತಾ ಇದೆ."

ಕಂಪ್ಯೂಟರ್ ಆರಿಸಿ, ಟಾರ್ಚ್ ಹಿಡಿದು ಒಳಗೆ ಬಗ್ಗಿದ. ಎರಡು ಪಟ್ಟಿಗಳಲ್ಲಿ ಒಂದು ಕೂದಲೆಳೆಯಷ್ಟು ಮೇಲೆದ್ದಿತ್ತು. ಕೂತಂತೆಯೇ ಕಾಣುತ್ತಿತ್ತು, ಕೂತಿರಲಿಲ್ಲ. ಇಪ್ಪತ್ತೆಂಟು ವರ್ಷ ಹಲ್ಲಿನ ಟೊಪ್ಪಿಗೆ ಕೂಡಿಸಿದ ಬೆರಳು ಸಿಡುಕಪ್ಪನದು. ಒಂದಿಷ್ಟು ಬಿಗಿ ತಗುಲಿದರೆ ಸಾಕು, ತಾನಾಗಿ ನಿಂತುಬಿಡುತ್ತದೆ. ಒತ್ತಿದರೆ ಬಿರುಕು ಬಿಡುತ್ತದೆಂಬ ಅಂಜಿಕೆ ಅದರ ತುದಿಯಲ್ಲೇ ಇದೆ. ಆ ನಯ ಅವನ ನಾಲಿಗೆಗೆ ಮಾತ್ರ ಬರಲಿಲ್ಲ.

ಭಾವಮೈದ ಹೆಬ್ಬೆಟ್ಟು ಇಟ್ಟು ಅದುಮಿದ. ಟಕ್ ಅಂತು. ತಲೆಯೆತ್ತಿ ಭಾವನ ಮುಖ ನೋಡಿದ.

"ಇದನ್ನ ನೀವೇ ತೆಗೆದು ಹಾಕಿದ್ದು. ನಾನು ಕೇಳಿದಾಗ ನೆನಪಿತ್ತು, ಅಲ್ವಾ?"

ಇರು ಅಂತ ಇಷ್ಟು ಹೊತ್ತು ಹಿಡಿದಿಟ್ಟೆ ಕಣೋ ಎನ್ನಬೇಕಿತ್ತು.

"ಇಷ್ಟು ಹುಡುಕೋಕೆ ಒಂದು ಮಧ್ಯಾಹ್ನ ತಿಂದ್ಯಲ್ಲೋ, ದಂಡಪಿಂಡ!" ಎಂದ ಸಿಡುಕಪ್ಪ.

ಭಾವಮೈದ ನಕ್ಕ. ಜಗಳದಲ್ಲಿ ಅವನು ಹಾಗೆ ನಕ್ಕದ್ದು ಅದೇ ಮೊದಲು. ಕಂಪ್ಯೂಟರಿನ ಗುಂಡಿ ಒತ್ತಿ ಚಾಲೂ ಮಾಡಿ, ಕೈ ತೊಳೆದು, ಏಪ್ರನ್ ಬಿಚ್ಚಿ, ಎರಡು ಮಡಿಕೆ ಮಾಡಿ ತನ್ನ ಕುರ್ಚಿಯ ಬೆನ್ನಿಗೆ ಹಾಕಿದ. ಊಟದ ಡಬ್ಬಿ ಎತ್ತಿಕೊಂಡ.

"ಅಜ್ಜಿ ಹಲ್ಲು ಬಲಗಡೆ ಸ್ವಲ್ಪ ಎತ್ತರ ಇದೆ, ತಗ್ಗಿಸಿ. ಹೊತ್ತಿಗೆ ಸರಿಯಾಗಿ ಊಟ ಮಾಡಿ."

ಬಾಗಿಲು ಮುಚ್ಚಿತು. ಸಿಡುಕಪ್ಪ ದಡಬಡಿಸಿ ಅಜ್ಜಿಯ ಎರಡೂ ದವಡೆ ತೆರೆದು ತಿರುಗಿಸಿದ. ಎಣ್ಣೆ ಬಿಟ್ಟ ಚಕ್ರದಂತೆ ನುಣ್ಣಗೆ ತಿರುಗಿದವು.

"ಲೋ! ನೋಡು ಬಾರೋ ಇಲ್ಲಿ! ಹೆಂಗೆ ತಿರುಗ್ತಾ ಇದೆ ನೋಡು!"

ಮೆಟ್ಟಿಲ ಮೇಲಿನ ಹೆಜ್ಜೆ ಕೇಳುತ್ತಿತ್ತು. ಎಲ್ಲೂ ತಡೆಯದೆ ಕೆಳಗಿಳಿದು ಬೀದಿ ಸೇರಿತು.

ಮರುದಿನ ಅಜ್ಜಿಯ ಹಲ್ಲು ಹೋಯಿತು, ಬಲಗಡೆ ತಗ್ಗಿಸಿಯೇ ಹೋಯಿತು. ಭಾವಮೈದ ಬರಲಿಲ್ಲ. ಅದರ ಮರುದಿನವೂ ಇಲ್ಲ. ಕುರ್ಚಿಯ ಮೇಲಿನ ಏಪ್ರನ್ನಿನ ಮಡಿಕೆಯಲ್ಲಿ ಹಲ್ಲಿನ ಬಿಳಿ ಪುಡಿ ಕೂರುತ್ತಿತ್ತು. ಸಿಡುಕಪ್ಪ ದಿನಾ ಬೆಳಿಗ್ಗೆ ಅದನ್ನು ಬೆರಳ ತುದಿಯಿಂದ ಮೆಲ್ಲಗೆ ಒರೆಸಿ, ಮಡಿಕೆ ಕೆಡದಂತೆ ಮತ್ತೆ ಅಲ್ಲೇ ಹಾಕುತ್ತಿದ್ದ.