ಮಹಾಪ್ರಾಣ

ಮೈಕನ್ನು ಒಂದು ಗೇಣು ಕೆಳಗಿಳಿಸಲಾಗಿತ್ತು. ಶಾಸನಸಭಾ ಸಮಿತಿಯ ನಡಾವಳಿಯಲ್ಲಿ ಇದು ದಾಖಲಾಗುವ ಸಂಭವವಿಲ್ಲ, ಪತ್ರಿಕೆಯವರೂ ಗಮನಿಸಿರಲಿಕ್ಕಿಲ್ಲ. ಆದ್ದರಿಂದ ಇಲ್ಲಿಯಾದರೂ ಹೇಳಿಬಿಡಬೇಕು: ಪುರಸಭೆಯ ಸಭಾಂಗಣದಲ್ಲಿ, ಬೆಳಿಗ್ಗೆ ಹತ್ತಕ್ಕೆ ಹತ್ತು ನಿಮಿಷವಿರುವಾಗ, ಜನರ ಅಹವಾಲು ಕೇಳಲೆಂದು ನಿಲ್ಲಿಸಿದ್ದ ಮೈಕು ಅವನ ಗಲ್ಲದ ಮಟ್ಟಕ್ಕೆ ಇರಬೇಕಾದದ್ದು ಎದೆಯ ಮಟ್ಟಕ್ಕೆ ಇತ್ತು.

ಅವನು ತಿರುಪು ಸಡಿಲಿಸಿ ಮೇಲಕ್ಕೆತ್ತಿದ. ಮೈಕಿನವನು ಬಂದು ಮತ್ತೆ ಇಳಿಸಿದ.

"ಟೈಲರ್ ಅಕ್ಕನಿಗೆ ಸರ್," ಎಂದ. "ಮೊದಲು ಅವರೇ ಅಲ್ವಾ ಮಾತಾಡೋದು."

"ಪಟ್ಟೀಲಿ ಹಾಗಿದೆಯಾ?"

"ಪಟ್ಟಿ ನಾನು ನೋಡಿಲ್ಲ. ಎಲ್ಲಾರೂ ಹಾಗಂದ್ರು."

ಪಟ್ಟಿ ಅವನು ನೋಡಿದ್ದ. ಅದರಲ್ಲಿ ಟೈಲರ್ ಅಕ್ಕ ಒಂದನೆಯವಳು; ಅವನು ಹನ್ನೆರಡನೆಯವನು. ಅಕಾರಾದಿಯಾಗಿ ಬರೆದಿರಬಹುದೆಂದು ಹೆಸರುಗಳನ್ನು ಹೊಂದಿಸಿ ನೋಡಿದ. ಹೊಂದಲಿಲ್ಲ.

ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಕಲಿಸುವ ಅವನು ಹನ್ನೊಂದು ವರ್ಷದಿಂದ ನಾಗರಿಕ ವೇದಿಕೆ ನಡೆಸುತ್ತಿದ್ದ. ಪ್ರತಿ ಶನಿವಾರ ಸಂಜೆ, ಗ್ರಂಥಾಲಯದ ಹಿಂದಿನ ಕೋಣೆಯಲ್ಲಿ, ಅವನೂ ಸೇರಿ ಒಂಬತ್ತು ಜನ. ಒಂಬತ್ತು ಹತ್ತಾದದ್ದಿಲ್ಲ, ಒಬ್ಬರು ತೀರಿಕೊಂಡಾಗ ಮಾತ್ರ ಎಂಟಾಗಿ, ಅವರ ಅಳಿಯ ಸೇರಿ ಮತ್ತೆ ಒಂಬತ್ತಾಗಿತ್ತು. ಹಕ್ಕುಗಳ ಬಗ್ಗೆ ಅವನು ಮಾತಾಡುತ್ತಿದ್ದ, ಉಳಿದವರು ಕೇಳುತ್ತಿದ್ದರು, ನಿವೃತ್ತ ಪೋಸ್ಟ್‌ಮಾಸ್ತರರು ನಿದ್ದೆ ಮಾಡುತ್ತಿದ್ದರು. ಅದರಲ್ಲೊಂದು ನೆಮ್ಮದಿ ಇತ್ತು.

ನಾಲ್ಕು ತಿಂಗಳ ಹಿಂದೆ ಟೈಲರ್ ಅಕ್ಕ ಬಂದಳು. ಅವಳ ಹಿಂದೆ ಅವಳ ಬೀದಿ ಬಂತು. ಕೋಣೆ ಸಾಲದೆ ಸಭೆಯನ್ನು ಜಗುಲಿಗೆ ತರಬೇಕಾಯಿತು. ವೇದಿಕೆ ಬೆಳೆಯಿತೆಂದು ಎಲ್ಲರೂ ಅವನನ್ನೇ ಅಭಿನಂದಿಸಿದರು. ಅವನು ನಕ್ಕು ಕೈಮುಗಿದ. ಮನೆಗೆ ಹೋಗಿ ಊಟ ಬೇಡವೆಂದ.

ಅವರನ್ನು ಕರೆತಂದದ್ದು ಸಾರ್ವಜನಿಕ ಕೂಟಗಳ ಮಸೂದೆ. ಅದರ ನಾಲ್ಕನೇ ಕಲಮಿನ ಪ್ರಕಾರ ಹತ್ತಕ್ಕಿಂತ ಹೆಚ್ಚು ಜನ ಬಯಲಲ್ಲಿ ಸೇರಬೇಕಾದರೆ ಪೊಲೀಸ್ ಠಾಣೆಯ ಲಿಖಿತ ಅಪ್ಪಣೆ ಬೇಕು. ಹೆಣ ಹೊರೋಕೆ ನಾಲ್ಕೇ ಜನ ಸಾಕು, ಸರ್ಕಾರ ಇನ್ನಾರು ಜನರನ್ನ ಉದಾರವಾಗಿ ಬಿಟ್ಟುಕೊಟ್ಟಿದೆ ಎಂದು ಪೋಸ್ಟ್‌ಮಾಸ್ತರರು ಒಮ್ಮೆ ಎಚ್ಚರವಾಗಿದ್ದಾಗ ಹೇಳಿದ್ದರು. ಅಕ್ಕನ ಬೀದಿಯವರಿಗೆ ಅದು ನಗುವ ವಿಷಯವಾಗಿರಲಿಲ್ಲ. ಮನೆ ತೆರವು ಮಾಡಿ ಎಂದು ಅವರಿಗೆ ನೋಟಿಸು ಬಂದಿತ್ತು. ಪ್ರತಿ ಭಾನುವಾರ ನೀರಿನ ಟ್ಯಾಂಕಿನ ಕೆಳಗೆ ಅರವತ್ತು ಎಪ್ಪತ್ತು ಜನ ಸೇರಿ, ಯಾರು ಯಾವ ಕಚೇರಿಗೆ ಹೋಗಬೇಕು, ಯಾರು ವಕೀಲರನ್ನು ಕಾಣಬೇಕು ಎಂದು ಹಂಚಿಕೊಳ್ಳುತ್ತಿದ್ದರು. ಆ ಸೇರುವಿಕೆ ನಿಂತರೆ ಬೀದಿಯೂ ಇಲ್ಲ. ಠಾಣೆ ಅಪ್ಪಣೆ ಕೊಡುವುದಿಲ್ಲ ಎಂಬುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ನೋಟಿಸು ಅಂಟಿಸಿ ಹೋದದ್ದು ಠಾಣೆಯವರೇ.

ಮಸೂದೆಯ ಬಗ್ಗೆ ಅವನು ಹದಿನಾಲ್ಕು ಪುಟದ ಮನವಿ ಬರೆದಿದ್ದ. ಮೂವತ್ತೊಂದು ಅಡಿಟಿಪ್ಪಣಿಗಳು. ಬೆಳಿಗ್ಗೆ ಅದನ್ನು ಚೀಲಕ್ಕೆ ಹಾಕಿಕೊಳ್ಳುತ್ತಿದ್ದಾಗ ಹೆಂಡತಿ ಹೊಸ ಬಟ್ಟೆ ತೊಟ್ಟು ಬಂದು ನಿಂತಿದ್ದಳು. ಅಕ್ಕ ಹೊಲಿದದ್ದು. ಅದಕ್ಕೆ ಜೇಬು ಇತ್ತು.

"ಜೇಬು ಯಾಕೆ?"

"ನನಗೆ ಯಾವಾಗಲೂ ಬೇಕಿತ್ತು ರೀ. ಅಕ್ಕ ಕೇಳಿದ್ರು, ಹೇಳಿದೆ."

ಹತ್ತೊಂಬತ್ತು ವರ್ಷದ ಸಂಸಾರದಲ್ಲಿ ಹೆಂಡತಿಗೆ ಜೇಬು ಬೇಕಿತ್ತೆಂದು ಅವನಿಗೆ ಗೊತ್ತಿರಲಿಲ್ಲ. ಹನ್ನೊಂದು ವರ್ಷದಲ್ಲಿ ಒಂದು ಶನಿವಾರವೂ ವೇದಿಕೆಗೆ ಬಾರದವಳು ಈಗ ತಪ್ಪದೆ ಬರುತ್ತಿದ್ದಳು, ಮುಂದಿನ ಸಾಲಿನಲ್ಲಿ ಕೂರುತ್ತಿದ್ದಳು. ನಾನು ಹೇಗೆ ಮಾತಾಡುತ್ತೇನೆ ಎಂದು ಅವನು ಕಳೆದ ವಾರ, ಬೇರೇನೋ ಕೇಳುವವನಂತೆ, ಕೇಳಿದ್ದ. ಅವಳು ಯೋಚಿಸಿ, ನೀವು ಚೆನ್ನಾಗಿ ಬರೀತೀರಿ ಎಂದಿದ್ದಳು.

ಸಭಾಂಗಣ ತುಂಬತೊಡಗಿತು. ಅಕ್ಕನ ಬೀದಿಯ ಹೆಂಗಸರು ಬಲಗಡೆಯ ಆರು ಸಾಲು ಹಿಡಿದರು. ಎಡಗಡೆ ಅಂಗಡಿ ಮಾಲೀಕರ ಸಂಘದವರು ಹದಿನೈದು ಜನ. ಅವರಿಗೆ ನಾಲ್ಕನೇ ಕಲಂ ಬೇಕಾಗಿತ್ತು. ವೇದಿಕೆಯ ಒಂಬತ್ತು ಜನ ಹಿಂದೆ, ಫ್ಯಾನಿನ ಕೆಳಗೆ. ಪೋಸ್ಟ್‌ಮಾಸ್ತರರು ಆಗಲೇ ಕಣ್ಣು ಮುಚ್ಚಿದ್ದರು.

ಗುಮಾಸ್ತ ನಮೂನೆ ಹಂಚಿದ. ಸಮಿತಿಯ ಮುಂದೆ ಇದ್ದದ್ದು ಒಂದೇ ಪ್ರಶ್ನೆ. ಶಾಸಕಿಯೊಬ್ಬರು ತಿದ್ದುಪಡಿ ತಂದಿದ್ದರು: ಮಸೂದೆಯ ನಾಲ್ಕನೇ ಕಲಮನ್ನು ತೆಗೆದುಹಾಕತಕ್ಕದ್ದು. ನಮೂನೆಯಲ್ಲಿ ಒಂದು ಸಾಲು ಅಚ್ಚಾಗಿತ್ತು: 'ಸದರಿ ತಿದ್ದುಪಡಿಗೆ ನನ್ನ ........ ಇರುತ್ತದೆ.' ಖಾಲಿ ಜಾಗದಲ್ಲಿ ಒಪ್ಪಿಗೆ ಅಥವಾ ವಿರೋಧ ಎಂದು ಸ್ವಂತ ಕೈಬರಹದಲ್ಲಿ ಬರೆಯಬೇಕು. ಕೆಳಗೆ ಸಣ್ಣ ಅಕ್ಷರದಲ್ಲಿ ಇನ್ನೊಂದು ಸಾಲು: ಆಡಿದ ಮಾತೂ ನಮೂನೆಯೂ ಬೇರೆಯಾದಲ್ಲಿ ನಮೂನೆಯನ್ನೇ ಪರಿಗಣಿಸಲಾಗುವುದು, ಬಹುಮತದಂತೆ ನಿರ್ಣಯವಾಗುವುದು.

ಅವನು 'ಒಪ್ಪಿಗೆ' ಎಂದು ಬರೆದು, ಮಡಿಸಿ, ಪೆಟ್ಟಿಗೆಗೆ ಹಾಕಿ ಬಂದ.

ಟೈಲರ್ ಅಕ್ಕ ಸಾಲುಗಳ ನಡುವೆ ದಾರಿ ಮಾಡಿಕೊಂಡು ಅವನ ಹತ್ತಿರ ಬಂದಳು. ಗಿಡ್ಡ ಹೆಂಗಸು. ಎಡಗೈಯ ತೋರುಬೆರಳ ತುದಿ ಸೂಜಿ ಚುಚ್ಚಿ ಚುಚ್ಚಿ ಜಡ್ಡುಗಟ್ಟಿತ್ತು. ಆ ಬೆರಳನ್ನೇ ನಮೂನೆಯ ಮೇಲಿಟ್ಟಳು.

"ಸರ್, ಒಂಚೂರು ನೋಡಿಕೊಡಿ. ನಾನು ಓದಿದ್ದು ಏಳನೇ ಕ್ಲಾಸು. ಇಷ್ಟು ಜನರ ಮುಂದೆ ನಗೆಪಾಟಲಾಗಬಾರದು."

ಅವನು ಓದಿದ. 'ಸದರಿ ತಿದ್ದುಪಡಿಗೆ ನನ್ನ ವಿರೋದ ಇರುತ್ತದೆ.'

ಒಂದೇ ಪದದಲ್ಲಿ ಎರಡು ತಪ್ಪು. ಅವನಿಗೆ ಎರಡೂ ಒಟ್ಟಿಗೆ ಕಂಡವು. ಅವಳಿಗೆ ವಿರೋಧವಿದ್ದದ್ದು ಕಲಮಿಗೆ. ಅವಳು ವಿರೋಧ ಬರೆದದ್ದು ಕಲಮನ್ನು ಕಿತ್ತುಹಾಕುವ ತಿದ್ದುಪಡಿಗೆ. ತಪ್ಪು ಸಹಜವಾದದ್ದೇ. ಪ್ರತಿಭಟನೆ ಅನ್ನಬೇಡಿ, ಬೇಡ ಅನ್ನಬೇಡಿ, ವಿರೋಧ ಅನ್ನಿ, ಕಾನೂನಿನಲ್ಲಿ ಆ ಪದಕ್ಕೆ ತೂಕ ಎಂದು ನಾಲ್ಕು ತಿಂಗಳು ಅವರಿಗೆಲ್ಲ ಪಾಠ ಹೇಳಿದವನು ಅವನೇ.

ವಿವರಿಸಲು ಅರ್ಧ ನಿಮಿಷ ಸಾಕಾಗಿತ್ತು. ಅವನು ಬಾಯಿ ತೆರೆದದ್ದೂ ನಿಜ.

"ಅಕ್ಕಾ," ಎಂದು ಮುಂದಿನ ಸಾಲಿನಿಂದ ಹೆಂಡತಿ ಕರೆದಳು. "ಇಲ್ಲಿ, ನನ್ನ ಪಕ್ಕ ಜಾಗ ಹಿಡಿದಿದ್ದೀನಿ."

ಆ ಕುರ್ಚಿ ತನಗಾಗಿ ಹಿಡಿದದ್ದೆಂದು ಅವನು ತಿಳಿದಿದ್ದ.

ಅವನು ಜೇಬಿನಿಂದ ಕೆಂಪು ಪೆನ್ನು ತೆಗೆದ. ಪರೀಕ್ಷೆಯ ಪೇಪರು ತಿದ್ದುವ ಪೆನ್ನು. ದಕಾರದ ಕೆಳಗೆ ಒಂದು ಪುಟ್ಟ ಗೀಟು ಎಳೆದ.

"ಧ," ಎಂದ. "ಇಲ್ಲಿ ಮಹಾಪ್ರಾಣ ಬರಬೇಕು."

"ಹಂಗಂದ್ರೆ?"

"ಉಸಿರು ಬಿಟ್ಟು ಹೇಳೋದು. ವಿರೋಧ."

ಅವಳು ಉಸಿರು ಬಿಟ್ಟು ಹೇಳಿದಳು. ನಕ್ಕಳು. ಇಷ್ಟು ವರ್ಷ ಉಸಿರು ಹಿಡಕೊಂಡೇ ವಿರೋಧ ಮಾಡಿದ್ವಲ್ಲ ಸರ್, ಎಂದಳು. ಅದು ಒಳ್ಳೆಯ ಮಾತಾಗಿತ್ತು. ಇಂಥವು ಅವಳಿಗೆ ಎಲ್ಲಿಂದ ಬರುತ್ತವೆ ಎಂದು ಅವನಿಗೆ ತಿಳಿಯುತ್ತಿರಲಿಲ್ಲ.

"ಮಿಕ್ಕಿದ್ದು ಸರಿ ಇದೆಯಾ ಸರ್?"

"ಅಕ್ಷರ ದುಂಡಗಿದೆ."

ಅವಳು ಹೋದಳು.

ತಾನು ಸುಳ್ಳು ಹೇಳಲಿಲ್ಲ ಎಂಬುದನ್ನು ಅವನು ಮೊದಲು ಖಚಿತಪಡಿಸಿಕೊಂಡ. ಅಕ್ಷರ ದುಂಡಗೇ ಇತ್ತು. ಮೇಲಾಗಿ, ಒಂದು ನಮೂನೆ, ನೂರರಲ್ಲಿ ಒಂದು. ತನ್ನ ಸರದಿ ಬಂದಾಗ, ಮನವಿ ಮಂಡಿಸುವ ಮುನ್ನ, ನಮ್ಮ ಟೈಲರ್ ಅಕ್ಕನಿಂದ ಒಂದು ಸಣ್ಣ ಪ್ರಮಾದವಾಗಿದೆ, ತಿಳಿಯದೆ ಆದದ್ದು, ಸಮಿತಿ ದೊಡ್ಡ ಮನಸ್ಸು ಮಾಡಬೇಕು ಎಂದು ಹೇಳುವುದು. ಸಭೆ ಮೃದುವಾಗಿ ನಗುತ್ತದೆ. ಅಕ್ಕ ನಾಲಗೆ ಕಚ್ಚಿಕೊಳ್ಳುತ್ತಾಳೆ. ಹೆಂಡತಿ ತಿರುಗಿ ಅವನನ್ನು ನೋಡುತ್ತಾಳೆ. ಈ ದೃಶ್ಯವನ್ನು ಅವನು ಎರಡು ಸಲ ಓಡಿಸಿ ನೋಡಿದ. ಎರಡನೆಯ ಸಲ ಹೆಂಡತಿ ಸ್ವಲ್ಪ ಹೆಚ್ಚು ಹೊತ್ತು ನೋಡಿದಳು.

ತಲೆಯೆತ್ತಿದಾಗ ಕೆಂಪು ಗೀಟಿನ ನಮೂನೆ ಎರಡನೆಯ ಸಾಲಿನಲ್ಲಿತ್ತು. ಒಬ್ಬಳು ಅದನ್ನು ಮಂಡಿಯ ಮೇಲಿಟ್ಟುಕೊಂಡು ತನ್ನದರಲ್ಲಿ ಬರೆಯುತ್ತಿದ್ದಳು. ಮುಗಿಸಿ ಪಕ್ಕದವಳಿಗೆ ಕೊಟ್ಟಳು. ಗೀಟು ಮರೀಬೇಡ್ವೇ, ಸರ್ ತಿದ್ದಿಕೊಟ್ಟಿದ್ದು, ಎಂದದ್ದು ಅವನಿಗೆ ಕೇಳಿಸಿತು. ಮೂರನೆಯ ಸಾಲು. ನಾಲ್ಕನೆಯದು. ಸಾಲಿಗೆ ಎರಡೇ ಪೆನ್ನು ಇದ್ದದ್ದರಿಂದ ನಿಧಾನವಾಗಿ ಸಾಗಿತು. ಬೇಕಾದಷ್ಟು ಸಮಯವಿತ್ತು. ಅವನು ಎದ್ದು ನಿಂತ. ಯಾರೋ, ಸರ್ ನೀರು ಬೇಕಾ ಎಂದರು. ಹೂಂ ಎಂದು ಕುಡಿದು ಕೂತ.

ಅಧ್ಯಕ್ಷರು ಬಂದರು. ಮಾಜಿ ನ್ಯಾಯಾಧೀಶರು, ದಯಾಳು ಮುಖ. ಒಬ್ಬೊಬ್ಬರಿಗೆ ಮೂರು ನಿಮಿಷ, ಆಮೇಲೆ ಗಂಟೆ.

ಅಕ್ಕ ಮೈಕಿನ ಮುಂದೆ ನಿಂತಳು. ಕೈಯಲ್ಲಿ ಚೀಟಿ ಇರಲಿಲ್ಲ. ತಮ್ಮ ಬೀದಿಯ ವಿಷಯ ಹೇಳಿದಳು: ಟ್ಯಾಂಕಿನ ಕೆಳಗಿನ ಭಾನುವಾರ, ಹತ್ತನೆಯವಳ ತನಕ ನಾಗರಿಕರು, ಹನ್ನೊಂದನೆಯವಳು ಬಂದ ಕೂಡಲೆ ಎಲ್ಲರೂ ಅಪರಾಧಿಗಳು, ಹಾಗಾದರೆ ಆ ಹನ್ನೊಂದನೆಯವಳು ಯಾರಾಗಬೇಕು ಎಂದು ಮನೆಯಲ್ಲೇ ಚೀಟಿ ಎತ್ತಬೇಕೋ ಏನೋ. ಸಮಿತಿಯವರು ನಕ್ಕರು. ಅವಳು ನಗಲಿಲ್ಲ.

"ಅಳತೆ ತಗೊಳ್ದೆ ಹೊಲಿದ ಬಟ್ಟೆ ಸ್ವಾಮಿ ಇದು," ಎಂದಳು. "ಹೊಲಿದವರು ಯಾರೂ ಇದನ್ನ ಹಾಕ್ಕೊಳ್ಳಲ್ಲ. ಹಾಕ್ಕೊಳ್ಳೋರು ನಾವು. ಉಸಿರು ಕಟ್ಟತ್ತೆ ಅಂತ ಹೇಳೋಕೆ ಬಂದಿದ್ದೀವಿ."

ಅಧ್ಯಕ್ಷರು ಗಂಟೆ ಬಾರಿಸುವುದನ್ನು ಮರೆತರು. ಉಸಿರು! ಅರ್ಧ ಗಂಟೆಯ ಹಿಂದೆ ಅವನು ಕೊಟ್ಟ ಪದ. ಅವನ ಮನವಿಯ ಒಂಬತ್ತನೇ ಪುಟದಲ್ಲಿ ಇದೇ ವಿಚಾರ, 'ಶಾಸಕರಿಗೂ ಶಾಸಿತರಿಗೂ ನಡುವಿನ ಅನುಭವದ ಅಂತರ' ಎಂಬ ಉಪಶೀರ್ಷಿಕೆಯಡಿ, ಮೂರು ಅಡಿಟಿಪ್ಪಣಿಗಳೊಂದಿಗೆ ಇತ್ತು. ಹೆಂಡತಿ ಜೇಬಿನಿಂದ ಕರವಸ್ತ್ರ ತೆಗೆದು ಕಣ್ಣೊರೆಸಿಕೊಂಡಳು.

ಅವನು ಒಂಬತ್ತನೇ ಪುಟ ತೆಗೆದು ಮೂರೂ ಅಡಿಟಿಪ್ಪಣಿಗಳನ್ನು ಮತ್ತೊಮ್ಮೆ ಓದಿದ.

ಅವನ ಸರದಿ ಬಂದಾಗ ಹನ್ನೊಂದೂವರೆ. ಮೈಕು ಅಷ್ಟೇ ಎತ್ತರದಲ್ಲಿತ್ತು. ತಿರುಪು ಕೈಗೆ ಸಿಗಲಿಲ್ಲ. ಬಗ್ಗಿ ಮಾತಾಡಿದ. ಸನ್ಮಾನ್ಯ ಅಧ್ಯಕ್ಷರೇ ಎಂದು ಆರಂಭಿಸಿ, ಪೀಠಿಕೆ ಮುಗಿಯುವ ಹೊತ್ತಿಗೆ ಎರಡು ನಿಮಿಷ ಕಳೆದಿತ್ತು. ಈಗ ಹೇಳುತ್ತೇನೆ ಅಂದುಕೊಂಡ. ಮುಂದಿನ ಸಾಲು ನೋಡಿದ. ಹೆಂಡತಿ ಆಚೆ ಪಕ್ಕದವಳ ಕಿವಿಯಲ್ಲಿ ಏನೋ ಹೇಳುತ್ತಿದ್ದಳು. ತುಟಿಯ ಚಲನೆಯಲ್ಲೇ ಗೊತ್ತಾಯಿತು: ಹೊಲಿದವರು ಯಾರೂ ಹಾಕ್ಕೊಳ್ಳಲ್ಲ.

ಗಂಟೆ ಹೊಡೆಯಿತು.

"ಪ್ರೊಫೆಸರೇ, ಆ ಹೆಣ್ಮಗಳು ಎಲ್ಲಾ ಹೇಳಿಬಿಟ್ರು," ಎಂದರು ಅಧ್ಯಕ್ಷರು, ಪ್ರೀತಿಯಿಂದಲೇ. "ನಿಮ್ಮದು ಹೊಸದೇನಾದ್ರೂ ಇದ್ರೆ ಇನ್ನೊಂದು ನಿಮಿಷ ಕೊಡ್ತೀನಿ. ಇದೆಯಾ?"

ಬಗ್ಗಿದ್ದ ಬೆನ್ನು ನೋಯುತ್ತಿತ್ತು. ಒಂದು ನಿಮಿಷದಲ್ಲಿ ಅರ್ಧ ಸಾಕಾಗಿತ್ತು. ಆದರೆ ಈಗ ಪ್ರಮಾದ ಒಂದಾಗಿರಲಿಲ್ಲ, ಆರು ಸಾಲುಗಳಷ್ಟಿತ್ತು. ಪ್ರತಿಯೊಂದರಲ್ಲೂ ಅವನು ಕಲಿಸಿದ ಗೀಟು ಇತ್ತು. ಯಾರು ತಿದ್ದಿಕೊಟ್ಟರು ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ.

"ಹೊಸದೇನೂ ಇಲ್ಲ," ಎಂದ.

ನಮೂನೆ ಎಣಿಸಲು ಗುಮಾಸ್ತ ಪೆಟ್ಟಿಗೆಯನ್ನು ಒಳಗಿನ ಕೋಣೆಗೆ ಒಯ್ದ. ಜನ ಹೊರಗೆ ಮೆಟ್ಟಿಲ ಮೇಲೆ ನಿಂತರು. ಅವನು ಒಳಗಿನ ಕೋಣೆಯ ಬಾಗಿಲಿನವರೆಗೆ ಹೋದ. ಅರ್ಧ ತೆರೆದ ಬಾಗಿಲಿನಿಂದ ಗುಮಾಸ್ತ ತಲೆ ಹಾಕಿ, ಏನು ಸಾರ್ ಎಂದ. ಶೌಚಾಲಯ ಎಲ್ಲಿ ಎಂದು ಕೇಳಿದ. ಎಡಕ್ಕೆ ಎಂದ ಗುಮಾಸ್ತ. ಅವನು ಎಡಕ್ಕೆ ಹೋಗಿ, ಕೈ ತೊಳೆದುಕೊಂಡು, ಮತ್ತೊಮ್ಮೆ ತೊಳೆದುಕೊಂಡು ಬಂದ.

ಮೆಟ್ಟಿಲ ಬಳಿ ಅಕ್ಕ ಸಿಕ್ಕಳು. ಹೆಂಡತಿ ಅವಳ ತೋಳು ಹಿಡಿದುಕೊಂಡಿದ್ದಳು.

"ಸರ್, ಅರವತ್ನಾಲ್ಕು ಜನ ಬರೆದ್ವಿ. ಯಾರೂ ಗೀಟು ಬಿಟ್ಟಿಲ್ಲ," ಎಂದಳು ಅಕ್ಕ. "ನೀವು ತಿದ್ದದೆ ಇದ್ದಿದ್ರೆ ಮರ್ಯಾದೆ ಹೋಗ್ತಿತ್ತು. ಈ ಭಾನುವಾರ ನೀವೇ ಬಂದು ಟ್ಯಾಂಕ್ ಹತ್ರ ಎರಡು ಮಾತಾಡ್ಬೇಕು. ಅಕ್ಕಪಕ್ಕದ ಬೀದಿಯವರನ್ನೂ ಕರೀತೀವಿ."

"ಬರ್ತಾರೆ ಬಿಡಿ," ಎಂದಳು ಹೆಂಡತಿ. "ಅಲ್ವೇನ್ರೀ?"

"ನೋಡೋಣ," ಎಂದ ಅವನು. "ಕಾಲೇಜಿನ ಕೆಲಸ ಇರತ್ತೆ."

ಒಳಗೆ ಕರೆದರು. ಈ ಸಲ ಕುರ್ಚಿಗಳ ಲೆಕ್ಕ ತಪ್ಪಿ, ಹೆಂಡತಿಯ ಪಕ್ಕದ ಜಾಗ ಅವನಿಗೇ ಸಿಕ್ಕಿತು. ಅಧ್ಯಕ್ಷರು ಕಾಗದ ನೋಡಿದರು, ಗುಮಾಸ್ತನನ್ನು ನೋಡಿದರು, ಮತ್ತೆ ಕಾಗದ ನೋಡಿದರು. ಸರಿಯಾಗಿ ಎಣಿಸಿದ್ದೀಯಾ ಎಂದು ಮೆಲ್ಲಗೆ ಕೇಳಿದ್ದು ಮೈಕಿನಲ್ಲಿ ಎಲ್ಲರಿಗೂ ಕೇಳಿಸಿತು. ಎರಡು ಸಲ ಎಣಿಸಿದೆ ಸ್ವಾಮಿ ಎಂದ ಗುಮಾಸ್ತ.

ಅಧ್ಯಕ್ಷರು ಕನ್ನಡಕ ತೆಗೆದರು.

"ಒಪ್ಪಿಗೆ, ಒಂಬತ್ತು," ಎಂದು ಓದಿದರು. "ವಿರೋಧ, ಎಪ್ಪತ್ತೊಂಬತ್ತು."

ಬಲಗಡೆಯ ಆರು ಸಾಲುಗಳು ಎದ್ದು ನಿಂತವು. ಹೆಂಗಸರು ಚಪ್ಪಾಳೆ ತಟ್ಟಿದರು. ಒಬ್ಬರನ್ನೊಬ್ಬರು ತಬ್ಬಿಕೊಂಡರು. ಯಾರೋ ಅಕ್ಕನನ್ನು ಕುರ್ಚಿಯ ಮೇಲೆ ಹತ್ತಿಸಿದರು. ಎಡಗಡೆ ಅಂಗಡಿ ಮಾಲೀಕರೂ, ಮೊದಲು ಮುಖಮುಖ ನೋಡಿಕೊಂಡು, ಆಮೇಲೆ ಚಪ್ಪಾಳೆ ತಟ್ಟಿದರು. ಸದ್ದಿಗೆ ಎಚ್ಚರವಾದ ಪೋಸ್ಟ್‌ಮಾಸ್ತರರು ಗೆದ್ದದ್ದು ಯಾರೆಂದು ಕೇಳದೆಯೇ ಕೈ ಸೇರಿಸಿದರು.

ಹೆಂಡತಿ ಅವನ ಕಡೆ ತಿರುಗಿದಳು. ಅವಳ ಮುಖ ಹೊಳೆಯುತ್ತಿತ್ತು. ಅವನನ್ನು ಹಾಗೆ ನೋಡಿ ಎಷ್ಟು ವರ್ಷವಾಗಿತ್ತೋ.

"ತಟ್ಟಿ ರೀ," ಎಂದಳು.

ಅವನು ಚಪ್ಪಾಳೆ ತಟ್ಟಿದ. ಅಧ್ಯಕ್ಷರು ಸದ್ದು ನಿಲ್ಲಲೆಂದು ಕಾದರು. ನಿಲ್ಲಲಿಲ್ಲವಾಗಿ ಕಾಗದಕ್ಕೆ ಸಹಿ ಹಾಕಿದರು. ತಿದ್ದುಪಡಿ ಬಿದ್ದುಹೋಯಿತು. ನಾಲ್ಕನೇ ಕಲಂ ಉಳಿಯಿತು.