ಕಾಣುತ್ತದೆ ಎಂಬ ಷರಾ

ಗುರುವಾರ ಹತ್ತು ಗಂಟೆಗೆ ಜಿಪಾರ್ ಅಂಗವಿಕಲರನ್ನು ಪರೀಕ್ಷಿಸುವ ಕಮಿಷನ್ನಿನ ಮುಂದೆ ತನಗೆ ಕಣ್ಣು ಕಾಣುವುದಿಲ್ಲವೆಂದು ಸಾಬೀತು ಮಾಡಬೇಕಿತ್ತು. ಮಾಡದಿದ್ದರೆ ಕುರುಡರ ಹಾಸ್ಟೆಲಿನ ಮಂಚ ಹೋಗುತ್ತಿತ್ತು, ಬ್ರಷ್ ಕಾರ್ಖಾನೆಯ ಕೆಲಸವೂ ಹೋಗುತ್ತಿತ್ತು. ಬಿಷ್ಕೆಕ್ ಊರಿನಲ್ಲಿ ಅವಳಿಗಿದ್ದುದು ಅವೆರಡೇ.

ಹುಟ್ಟುವಾಗಲೇ ಅವಳ ಎರಡು ಕಣ್ಣಿಗೂ ಪೊರೆ ಕವಿದಿತ್ತು. ನರಿನ್ ಕಡೆಯ ಬೆಟ್ಟದಲ್ಲಿ ಕುರಿ ಸಾಕುತ್ತಿದ್ದ ಅಪ್ಪ ಅದು ದೇವರ ಬರಹವೆಂದು ಸುಮ್ಮನಾಗಿದ್ದ. ಮೂವತ್ತೊಂದನೆಯ ವಯಸ್ಸಿನಲ್ಲಿ, ನಾಲ್ಕು ತಿಂಗಳ ಹಿಂದೆ, ಡಾಕ್ಟರೊಬ್ಬರು ಪೊರೆ ತೆಗೆದರು. ಪಟ್ಟಿ ಬಿಚ್ಚಿದಾಗ ಕಂಡದ್ದು ಬರೀ ಬಣ್ಣದ ತೇಪೆಗಳು. ಒಂದು ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಗುತ್ತದೆಂದು ತಿಳಿಯಲಿಲ್ಲ. ಒಂದು ತೇಪೆ ಅಲುಗಾಡಿ ಮಾತಾಡಿತು. ಅದು ಡಾಕ್ಟರು.

"ಕಣ್ಣು ಚೆನ್ನಾಗಿದೆಯಮ್ಮಾ. ತೊಂದರೆ ಇರೋದು ಹಿಂದೆ, ಮಿದುಳಲ್ಲಿ. ಕೂಸಾಗಿದ್ದಾಗ ನೋಡ್ತಾ ನೋಡ್ತಾ ಅಲ್ಲಿ ದಾರಿ ಬೀಳುತ್ತೆ. ನಿಂಗೆ ಬೀಳ್ಲಿಲ್ಲ. ನೀನು ಬೆಟ್ಟದೋಳಲ್ವಾ? ಹುಲ್ಲುಗಾವಲಿಗೆ ಅದರ ಯಜಮಾನ ವರ್ಷಗಟ್ಲೆ ಬರ್ದೇ ಇದ್ರೆ ಏನಾಗುತ್ತೆ?"

"ಪಕ್ಕದೋನ ಕುರಿ ಮೇಯುತ್ತೆ."

"ಅಷ್ಟೇ. ನಿನ್ನ ಕಣ್ಣಿನ ಜಾಗದಲ್ಲಿ ಕೈಯೂ ಕಿವಿಯೂ ಮೇಯ್ತಾ ಇವೆ. ದಿನಾ ನೋಡ್ತಾ ಇರು, ಸ್ವಲ್ಪ ಸ್ವಲ್ಪ ಬಿಟ್ಟುಕೊಟ್ಟಾವು. ಪೂರ್ತಿ ಅಂತ ಹೇಳ್ಲಾರೆ."

ಕಾರ್ಖಾನೆಯಲ್ಲಿ ಈ ಕತೆ ಯಾರಿಗೂ ಬೇಕಿರಲಿಲ್ಲ. ಅಲ್ಲಿ ಎಲ್ಲರೂ ಕುರುಡರೇ, ಹಾಗಾಗಿ ಒಳಗೆ ಬರುವವರು ಬಾಗಿಲ ಚೌಕಟ್ಟನ್ನು ಎರಡು ಸಲ ತಟ್ಟಿ ಹೆಸರು ಹೇಳುವುದು ವಾಡಿಕೆ. ಜಿಪಾರ್ ಈಗಲೂ ತಟ್ಟುತ್ತಿದ್ದಳು, ಹೆಸರು ಹೇಳುತ್ತಿದ್ದಳು. ಒಳಗಿನ ಮಾತು ನಿಂತುಹೋಗುತ್ತಿತ್ತು.

"ಕಣ್ಣಿನೋಳು ಬಂದ್ಲು, ಗುಂಡಿ ಹಾಕ್ಕೊಳ್ರಪ್ಪಾ," ಎನ್ನುತ್ತಿದ್ದ ಎದುರು ಮೇಜಿನ ಮಕ್ಸುತ್.

"ನಿನ್ನ ಗುಂಡಿ ಯಾವ್ದು ಮೂಗು ಯಾವ್ದು ನಂಗೆ ಗೊತ್ತಾಗಲ್ಲ ಕಣೋ."

"ಹಂಗಂತ ಕಮಿಷನ್ನಿಗೆ ಹೇಳ್ಕೋ ಹೋಗು."

ಎಲ್ಲರೂ ನಗುತ್ತಿದ್ದರು. ಜಿಪಾರ್ ಕಣ್ಣು ಬಿಟ್ಟುಕೊಂಡರೆ ಬೆರಳು ತಪ್ಪುತ್ತಿತ್ತು, ಹಾಗಾಗಿ ಕಣ್ಣು ಮುಚ್ಚಿಯೇ ಬ್ರಷ್ಷಿನ ತೂತುಗಳಿಗೆ ಕೂದಲು ತುಂಬುತ್ತಿದ್ದಳು. ಅದನ್ನು ನೋಡಿ ಹೇಳುವವರು ಅಲ್ಲಿ ಯಾರೂ ಇರಲಿಲ್ಲ.

ಬುಧವಾರ ಸಂಜೆ, ಹನ್ನೊಂದು ವರ್ಷದಿಂದ ಒಂದೇ ಕೋಣೆಯಲ್ಲಿದ್ದ ಉರ್ಕಿಯಾ ಎಜೆ ಚಹಾ ಬಗ್ಗಿಸುತ್ತಿದ್ದಳು. ಅಲ್ಲಿಯ ಮಾತಿನಲ್ಲಿ ಅಕ್ಕನಿಗೆ ಎಜೆ ಎನ್ನುತ್ತಾರೆ, ಹಾಸ್ಟೆಲಿನಲ್ಲಿ ಎಲ್ಲರಿಗೂ ಅವಳೇ ಅಕ್ಕ.

"ಎಜೆ, ನಾಳೆ ನನ್ ಜೊತೆ ಬಾ. ಇವಳಿಗೆ ಕಾಣಲ್ಲ ಅಂತ ಒಂದು ಮಾತು ಹೇಳು."

"ನಾನು ಹುಟ್ಟುಗುರುಡಿ ಕಣೇ. ನಿಂಗೆ ಕಾಣಲ್ಲ ಅನ್ನೋದಕ್ಕೆ ನಾನು ಕಣ್ಣಾರೆ ಕಂಡ ಸಾಕ್ಷಿನಾ?" ಉರ್ಕಿಯಾ ನಕ್ಕಳು. ಆಮೇಲೆ ನಗು ನಿಲ್ಲಿಸಿ ಕೇಳಿದಳು: "ನಿಜ ಹೇಳು, ಕಾಣಲ್ವಾ?"

ಜಿಪಾರ್ ಚಹಾದ ಬಟ್ಟಲನ್ನು ದೂರ ಸರಿಸಿದಳು. ಇವಳಿಗೂ ನಂಬಿಕೆಯಿಲ್ಲ.

ಕಮಿಷನ್ನಿನಲ್ಲಿ ಮೂವರಿದ್ದರು. ಗೋಡೆಯ ಪಟದಲ್ಲಿ ಏನಿದೆ ಎಂದರು. ಕಪ್ಪು ಗೀಟುಗಳು ಎಂದಳು. ಯಾವ ಅಕ್ಷರ ಎಂದರು. ಅಕ್ಷರವನ್ನು ಅವಳು ಬೆರಳ ತುದಿಯಲ್ಲಿ ಮಾತ್ರ ಕಲಿತಿದ್ದಳು. ಅಧ್ಯಕ್ಷೆ ಮೇಜಿನ ಮೇಲೆ ಏನನ್ನೋ ಇಟ್ಟಳು.

"ಇದೇನು?"

"ಹೊಳೆಯೋದು."

"ಹೊಳೆಯುತ್ತೆ, ಸರಿ. ಏನದು?"

"ಮುಟ್ಟಿದ್ರೆ ಹೇಳ್ತೀನಿ."

"ಮುಟ್ಟಿದ್ರೆ ನಾನೂ ಹೇಳ್ತೀನಿ ತಾಯಿ."

ಪಕ್ಕದಲ್ಲಿದ್ದ ಗಂಡಸು ಸದ್ದಿಲ್ಲದೆ ಏನನ್ನೋ ಅವಳ ಮುಖದ ಕಡೆ ಎಸೆದ. ಜಿಪಾರಳ ಕೈ ತಾನಾಗಿ ಅಡ್ಡ ಹೋಯಿತು. ಅಂಗೈಗೆ ತಾಗಿದ ಮೇಲೆ ತಿಳಿಯಿತು, ಬೆಂಕಿಪೊಟ್ಟಣ.

"ಆಯ್ತಲ್ಲ," ಅಂದ ಅವನು.

"ಅಲುಗಾಡಿದ್ದು ಕಾಣುತ್ತೆ. ನಿಂತಿದ್ದು ಏನು ಅಂತ ತಿಳಿಯಲ್ಲ. ಮಿದುಳಲ್ಲಿ ದಾರಿ ಬಿದ್ದಿಲ್ಲ ಅಂತ ಡಾಕ್ಟರು ಹೇಳಿದಾರೆ."

"ನಿಮ್ ಕಣ್ಣಿಗೂ ಆಗಾಗ ರಜಾನಾ?" ಎಂದು ಅವನು ನಕ್ಕ.

ಅಧ್ಯಕ್ಷೆ ನಗಲಿಲ್ಲ. "ನೋಡಮ್ಮಾ, ನಮ್ಮ ಫಾರಮ್ಮಿನಲ್ಲಿ ಕಣ್ಣಿಗೆ ಜಾಗ ಇದೆ, ಮಿದುಳಿಗೆ ಇಲ್ಲ. ಕಣ್ಣು ಸರಿಯಾಗಿದೆ ಅಂತ ನಿಮ್ಮ ಡಾಕ್ಟರೇ ಬರೆದಿದಾರೆ." ಪೆನ್ನು ಕಾಗದದ ಮೇಲೆ ಗೀಚಿದ್ದು ಕೇಳಿಸಿತು. "ಕಾಣುತ್ತದೆ," ಎಂದು ಓದಿ ಸಹಿ ಹಾಕಿದಳು.

ಶನಿವಾರ ಬೆಳಿಗ್ಗೆ ಕೋಣೆಯ ಬೀಗದಕೈ, ಏಪ್ರನ್, ಬಿಳಿ ಕೋಲು, ಮೂರನ್ನೂ ವಾಪಸು ಕೊಟ್ಟಳು. ಕೋಲು ಹಾಸ್ಟೆಲಿನದು. ಹೊಸ ಹುಡುಗಿಯೊಬ್ಬಳು ಆಗಲೇ ಅವಳ ಮಂಚವನ್ನು ಸವರಿ ಸವರಿ ಅಳೆಯುತ್ತಿದ್ದಳು. ಉರ್ಕಿಯಾ ಆ ಹುಡುಗಿಗೆ ಬಚ್ಚಲು ಎಷ್ಟು ಹೆಜ್ಜೆ ಎಂದು ಹೇಳಿಕೊಡುತ್ತಿದ್ದಳು. ನಡುವೆ ಮಾತು ನಿಲ್ಲಿಸಿ ಜಿಪಾರಳ ಕೈಗೆ ರೊಟ್ಟಿಯ ಗಂಟು ಕೊಟ್ಟು, "ಇನ್ನೇನು, ನಿಂಗೆ ಕಣ್ಣಿದೆ," ಎಂದಳು. ಹಂಗಿಸಿದಂತೆ ಇರಲಿಲ್ಲ. ಅದೇ ಚುಚ್ಚಿತು.

ಇನ್ನುಳಿದದ್ದು ನರಿನ್ ಕಡೆಯ ಅಣ್ಣನ ಮನೆ. ಅಲ್ಲಿಗೆ ಹೋಗುವ ವ್ಯಾನುಗಳು ರಸ್ತೆಯ ಆಚೆ ನಿಲ್ಲುತ್ತವೆ. ಈಚೆ ನಿಂತ ಜಿಪಾರಳಿಗೆ ಬಣ್ಣಗಳು ಓಡುವುದು ಕಾಣುತ್ತಿತ್ತು. ಕಾಲ ಬುಡದ ಕಪ್ಪು ಪಟ್ಟೆ ನೆರಳೋ ಚರಂಡಿಯೋ ತಿಳಿಯಲಿಲ್ಲ. ಕಣ್ಣು ಮುಚ್ಚಿದಳು. ಕೋಲಿದ್ದಾಗ ಜನ ದಾರಿ ಬಿಡುತ್ತಿದ್ದರು, ಈಗ ಭುಜಕ್ಕೆ ಬಡಿದುಕೊಂಡು ಹೋದರು. ಚೀಲದ ಸದ್ದು ಹತ್ತಿರ ಬಂತು, ಯಾರೋ ಹೆಂಗಸಿನ ಏದುಸಿರು.

"ಎಜೆ, ಆ ಕಡೆಗೆ ದಾಟಿಸ್ತೀರಾ?"

"ಯಾಕೆ, ಕಣ್ಣು ಕಾಣಲ್ವಾ?"

"ಇಲ್ಲ," ಎಂದು ಜಿಪಾರ್ ಅವಳ ಕಡೆ ತಿರುಗಿ ಕಣ್ಣು ತೆರೆದಳು.

ಹೆಂಗಸು ಮುಖದ ಮುಂದೆ ಕೈ ಆಡಿಸಿದಳು. ಜಿಪಾರಳ ಕಣ್ಣು ಕೈಯ ಹಿಂದೆಯೇ ಆ ಕಡೆ, ಈ ಕಡೆ ಹೋಯಿತು. ತಡೆಯಲಾಗಲಿಲ್ಲ.

"ಥೂ, ಕುರುಡರ ಹೆಸರಲ್ಲಿ ನಾಟಕ ಆಡ್ತೀಯಲ್ಲ, ನಾಚಿಕೆ ಆಗಲ್ವಾ?"

ಚೀಲದ ಸದ್ದು ರಸ್ತೆ ದಾಟಿ ಹೋಯಿತು. ವಾಹನಗಳ ಗದ್ದಲ ಕಡಿಮೆಯಾದರೆ ಕಿವಿಯನ್ನು ನಂಬಿ ದಾಟೋಣವೆಂದು ಜಿಪಾರ್ ಕಾದಳು. ಕಡಿಮೆಯಾಗಲಿಲ್ಲ.